ಗಂಟೆಗೆ ಅರವತ್ತೆರಡು

ನನ್ನ ಕೆಲಸ ಇಷ್ಟೇ. ರಕ್ತ ತೆಗೆದು
ಸಪೂರ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ
ಒಂದು ಗಂಟೆ ಕಾಯುವುದು.
ಕೆಂಪು ಕೆಳಗಿಳಿಯುತ್ತದೆ, ಮೇಲೆ ತೆಳು ಹಳದಿ ಉಳಿಯುತ್ತದೆ,
ಕೋಡಿಬಾಗದಲ್ಲಿ ಇಳಿತದ ಹೊತ್ತಿಗೆ
ಕಾಳಿ ಹೊಳೆ ದಂಡೆಯ ಕಲ್ಲು ಬಿಟ್ಟು ಸರಿದಂತೆ.
ಬೇಗ ಇಳಿದರೆ ಒಳಗೆಲ್ಲೋ ಬೆಂಕಿ.
ಎಲ್ಲಿ ಎಂದು ಕೊಳವೆ ಹೇಳುವುದಿಲ್ಲ.

ಚಂದ್ರಭಾಗಾ ದುರ್ಗೇಕರ, ಐವತ್ತೊಂದು, ಮೀನು ಮಾರಾಟ.
ಗಂಟೆಗೆ ಅರವತ್ತೆರಡು.
ಕೌಂಟರಿನ ಹೊಸ ಹುಡುಗ ಚೀಟಿಯಲ್ಲಿ
ಉರಿಯೂತ ಎಂಬಲ್ಲಿ ಉರಿಯೂಟ ಎಂದು ಬರೆದಿದ್ದ.
ತಿದ್ದಲು ಪೆನ್ನು ತೆಗೆದೆ.
ಅವಳ ಸೊಸೆ ಅಷ್ಟರಲ್ಲಿ ಓದಿ ಕೇಳಿದಳು, 'ಹಂಗಂದ್ರೆ ಎಂತ?'
'ಉರಿ ಉಣ್ಣೂದು,' ಎಂದಳು ಚಂದ್ರಭಾಗಾ,
ಬೆರಳು ಮಡಚಲಾಗದ ಕೈಯನ್ನು ಮೇಜಿನ ಮೇಲೆ
ಬೇರೆ ಯಾರದೋ ಸಾಮಾನಿನಂತೆ ಇಟ್ಟು.

ಬೈತಖೋಲಿನಲ್ಲಿ ಹರಾಜು ಕೂಗುವಾಗ
ನೋಟು ಎಣಿಸಲು ಪಕ್ಕದವಳು ಬೇಕು.
ಬಿಸಿಲೇರಿದ ಮೇಲಷ್ಟೇ ಗೆಣ್ಣು ಸಡಿಲ,
ಆಗ ಕತ್ತಿ ಹಿಡಿಯುತ್ತಾಳೆ, ಅಷ್ಟರಲ್ಲಿ ಗಿರಾಕಿ ಅರ್ಧ ಹೋಗಿರುತ್ತಾರೆ.

ಬೆಳಿಗ್ಗೆ ಏನು ತಿಂತೀರಿ ಎಂದೆ, ಸೂಜಿ ಚುಚ್ಚುವ ಮುಂಚೆ
ಗಮನ ತಪ್ಪಿಸಲು ಎಲ್ಲರನ್ನೂ ಕೇಳುವ ಪ್ರಶ್ನೆ.
ಐದಕ್ಕೆ ಚಾ, ಮೂರು ಚಮಚ ಸಕ್ಕರೆ, ಖಾರಿ.
ಹತ್ತಕ್ಕೆ ಚಾ, ಬಟರ್ ಬಿಸ್ಕಿಟು.
ಮಧ್ಯಾಹ್ನ ಪಾವು, ಸಂಜೆ ಗಾಡಿಯ ಬಜೆ,
ಆ ಎಣ್ಣೆ ನಿನ್ನೆಯದೋ ಮೊನ್ನೆಯದೋ.
ಮೀನು?
ನಕ್ಕಳು. 'ಮಾರೂ ಮೀನು ತಿಂದ್ರೆ ಲಾಭ ತಿಂದ ಹಾಗೆ ಮಾರಾಯಾ.'
ಉಳಿದ ತಾರ್ಲೆ?
'ತೆಂಗಿನ ಬುಡಕ್ಕೆ.'

ತೆಂಗು ಚೆನ್ನಾಗಿತ್ತಂತೆ. ಗೊನೆಗೆ ಇಪ್ಪತ್ತೈದು ಕಾಯಿ.

ಡಾಕ್ಟರು ಹುಡುಗ, ಹಳಿಯಾಳದವನು, ಮೀನಿನ ಹೆಸರೂ ಸರಿಯಾಗಿ ಬಾರದು.
ಮಾತ್ರೆ ಬಿಡಬೇಡಿ ಎಂದ ಮೊದಲು.
ಆಮೇಲೆ ಚೀಟಿಯ ಬೆನ್ನಿಗೆ ಬರೆದ:
ಸಣ್ಣ ಮೀನು ವಾರಕ್ಕೆ ಮೂರು ಸಲ, ಕರಿದದ್ದಲ್ಲ.
ಹರಿವೆ, ಬಸಳೆ. ಕುಚ್ಚಲಕ್ಕಿ. ಸಕ್ಕರೆ ಒಂದು ಚಮಚ.
'ಅರಿಶಿನ ಹಾಲು ಕುಡಿದ್ರೆ ಮಾತ್ರೆನೇ ಬೇಡ್ವಂತೆ, ಮೊಬೈಲಿನಲ್ಲಿ ಬಂದಿದೆ,'
ಸೊಸೆ ಕೇಳಿದಳು.
ಸಾರಿಗೆ ಹಾಕ್ತೀರಲ್ಲ, ಅಷ್ಟು ಸಾಕು ಎಂದ.

ಅರ್ಧ ಬುಟ್ಟಿ ತಾರ್ಲೆ ಎದುರಿಗಿಟ್ಟುಕೊಂಡು
ಇಪ್ಪತ್ತೆಂಟು ವರ್ಷ ಕೂತವಳಿಗೆ
ಊರಿಗೆಲ್ಲ ಕೊಟ್ಟ ಮದ್ದನ್ನು ಹೆಸರು ಹಿಡಿದು ಹೇಳಬೇಕಾಯಿತು.

ವರದಿ ಕೊಡಲು ಒಮ್ಮೆ ಮನೆಗೇ ಹೋದೆ.
ಮಣ್ಣಿನ ಮಡಕೆ, ಅದರಲ್ಲಿ ತಿರ್ಫಲ ಜಜ್ಜಿದ ವಾಸನೆ
ಬಾಗಿಲಿಗಿಂತ ಮೊದಲು ಸಿಕ್ಕಿತು.
ಕೋಕಂ ಹುಳಿಯ ಕಡುಗೆಂಪು, ಮೇಲೆ ಎಣ್ಣೆ ತೇಲುತ್ತಿರಲಿಲ್ಲ,
ಮೀನು ಬಿಟ್ಟ ತನ್ನದೇ ಜಿಡ್ಡು ಮಾತ್ರ, ಬೆಳ್ಳಿ ಬೆಳ್ಳಿ.
ಹತ್ತು ತಾರ್ಲೆ ಒಳಗಿದ್ದವು. 'ಇವತ್ತಿನ ಲಾಭ,' ಎಂದು ಮುಚ್ಚಳ ಮುಚ್ಚಿದಳು.

ಮೂರು ತಿಂಗಳಿಗೆ ನಲವತ್ತು.
ಜೂನಿನಲ್ಲಿ ದೋಣಿಗಳು ದಡ ಹತ್ತಿದವು,
ಒಣಮೀನು, ಉಪ್ಪು, ಮಳೆ, ಮತ್ತೆ ಬೇಕರಿ.
ನಲವತ್ತೆಂಟು.
ಚಾಗೆ ಎರಡನೇ ಚಮಚ ಹಾಕಿದ್ದನ್ನು
ಪೊಲೀಸರ ಮುಂದೆ ಹೇಳುವಂತೆ ಒಪ್ಪಿಕೊಂಡಳು.
ಮಾತ್ರೆಯೂ ಒಂದು ವಾರ ತಪ್ಪಿತ್ತು. ಯಾವುದು ಏರಿಸಿತೋ ಯಾವುದು ಇಳಿಸಿತೋ,
ಕೊಳವೆ ಅದನ್ನೂ ಹೇಳುವುದಿಲ್ಲ.

ಆಗಸ್ಟಿನಲ್ಲಿ ಸಮುದ್ರ ತೆರೆಯಿತು. ಮೂವತ್ತೊಂದು.
ಗುಣವಾಯಿತು ಎಂದು ಅವಳು ಹೇಳುವುದಿಲ್ಲ.
ಹತ್ತರ ನೋಟು ತಾನೇ ಎಣಿಸಿದೆ ಎನ್ನುತ್ತಾಳೆ,
ನಿಧಾನವಾಗಿ, ಎರಡು ಸಲ, ಪಕ್ಕದವಳಿಗೆ ಕಾಣುವಂತೆ.

ನಿನ್ನೆ ನನ್ನ ಮೇಜಿನ ಮೇಲೆ
ಬಾಳೆಲೆಯ ಪೊಟ್ಟಣ ಇಟ್ಟುಹೋದಳು, ಮಂಜುಗಡ್ಡೆ ಕರಗಿ ರಿಜಿಸ್ಟರು ಒದ್ದೆ.
'ಕರೀಬೇಡ,' ಎಂದಳು, ಅಷ್ಟೇ.
ಡ್ರಾಯರಿನಲ್ಲಿದ್ದ ನನ್ನ ಖಾರಿಯ ಪುಡಿಯನ್ನು
ಯಾವಾಗ ನೋಡಿದಳೋ.

ಇವತ್ತು ಮಧ್ಯಾಹ್ನ ಯಾರೂ ಇಲ್ಲದಾಗ
ನನ್ನದೇ ತೋಳಿಗೆ ಪಟ್ಟಿ ಬಿಗಿದೆ, ಹಲ್ಲಿನಿಂದ.
ಕೊಳವೆ ಸ್ಟ್ಯಾಂಡಿನಲ್ಲಿದೆ.
ಮಾರ್ಕೆಟ್ಟಿನ ಕಡೆಯಿಂದ ಮೀನಿನ ಗಾಳಿ ಬರುತ್ತಿದೆ.
ಇನ್ನೂ ನಲವತ್ತು ನಿಮಿಷ.