ಮುಸ್ಸಂಜೆಯ ಹೆಪ್ಪು

ಭದ್ರಾವತಿಯ ಪೇಪರ್ ಟೌನ್ ಶಾಲೆಯಲ್ಲಿ
ನನ್ನ ಗಣಿತದ ಪುಸ್ತಕಕ್ಕೆ ರಷ್ಯದ ಹೊದಿಕೆ.
ಹುಚ್ಚರಾಯಪ್ಪ ಮೇಷ್ಟ್ರು ತರಿಸುತ್ತಿದ್ದ ಪತ್ರಿಕೆಯ
ನುಣುಪು ಹಾಳೆ, ಎಳೆದರೂ ಹರಿಯದು.
ಗೋಧಿ ಹೊಲದಲ್ಲಿ ಟ್ರ್ಯಾಕ್ಟರ್ ಏರಿ ನಗುವ ಹೆಂಗಸು
ನನ್ನ ಹದಿಮೂರರ ಮಗ್ಗಿ ತಪ್ಪಿದಾಗಲೂ ನಗುತ್ತಿದ್ದಳು.

ಮಧ್ಯಾಹ್ನದ ಗಂಟೆ ಹೊಡೆದರೆ ಅಮೆರಿಕ.
ಕಾಶಮ್ಮ ಹಂಡೆಯಿಂದ ಎತ್ತಿ ಬಡಿಸುವ ಹಳದಿ ಉಪ್ಪಿಟ್ಟು,
ಡಬ್ಬದ ಎಣ್ಣೆಯ ಒಂಥರಾ ವಾಸನೆ,
ಕೈಗೆ ಕೈ ಕೂಡಿಸಿದ ಚಿತ್ರದ ಚೀಲ.
ಆ ಚೀಲ ಹೊಲಿದು ಇನ್ನಾಸಿಗೆ ಚಡ್ಡಿಯಾಯಿತು;
ಅವನು ಓಡಿದರೆ ಹಿಂದೆ
ಎರಡು ದೇಶ ಕೈ ಕುಲುಕುತ್ತಿದ್ದವು.

‘ನಾವು ಅಲಿಪ್ತರು’
ಬೋರ್ಡಿನ ಮೇಲೆ ಬರೆದರು ಮೇಷ್ಟ್ರು.
ಅಲಿಪ್ತರು ಅಂದರೆ ಲೇಪವಿಲ್ಲದವರು, ಅಂಟದವರು.
ಬಾಯಿಪಾಠ ಮಾಡಿದೆವು,
ಬೆರಳ ಎಣ್ಣೆಯನ್ನು
ರಷ್ಯದ ಹೆಂಗಸಿನ ತಲೆವಸ್ತ್ರಕ್ಕೆ ಒರೆಸುತ್ತ.

ಆ ಡಿಸೆಂಬರಿನಲ್ಲಿ ಯುದ್ಧ. ರೇಡಿಯೋ ಮುಂದೆ ಊರೆಲ್ಲ.
ನಮ್ಮ ಮೇಲೆ ಹಡಗು ಕಳಿಸಿದವರ ಉಪ್ಪಿಟ್ಟು ತಿನ್ನಲ್ಲ ಎಂದು
ಇನ್ನಾಸಿ ತಟ್ಟೆ ಮಗುಚಿದ.
ಕಾಶಮ್ಮನ ಸೌಟು ಬೆನ್ನಿಗೆ ಬಿತ್ತು:
‘ಹಡಗಿಗೇನೋ ಗೊತ್ತು ನಿನ್ನ ಹಸಿವು!’
ಮರುವಾರ ಹಂಡೆಯೇ ಒಲೆ ಏರಲಿಲ್ಲ.
ಯಾರು ಯಾರ ಮೇಲೆ ಮುನಿದು ನಿಲ್ಲಿಸಿದರೋ,
ನಮಗೆ ತಿಳಿದದ್ದು ಮೂರನೇ ಪಿರಿಯಡ್ಡಿನ ಹೊಟ್ಟೆ ಮಾತ್ರ.

ಮನೆಯಲ್ಲಿ ಅವ್ವನದು ಬೇರೆಯೇ ನೀತಿ.
ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ
ಹೊಸಿಲು ದಾಟಬಾರದು. ಲಕ್ಷ್ಮಿ ಹೋಗ್ತಾಳೆ.
ಹಾಗಂತ ಹೇಳಿದ್ದು ಅವಳ ಅತ್ತೆ.
ಅತ್ತೆಗೆ ಹೇಳಿದ್ದು ಅತ್ತೆಯ ಅತ್ತೆ.
ಅದರಾಚೆ ಕೇಳಬಾರದು.

ಪಕ್ಕದ ಕ್ವಾರ್ಟರ್ಸಿನ ಸೆಲ್ವಿಯಮ್ಮನ ಗಂಡನಿಗೆ
ಬಾಯ್ಲರಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದವನಿಗೆ ಮೊಸರನ್ನ.
ಏಳೂವರೆಗೆ ನಮ್ಮ ಬಾಗಿಲಲ್ಲಿ ನಿಂತಳು,
ಕೈಯಲ್ಲಿ ಖಾಲಿ ಲೋಟ.
ಅವ್ವ ಕೊಡಲಿಲ್ಲ.
ಜಗಲಿಯ ತುದಿಗೆ ಚಮಚ ಮೊಸರು ಬಟ್ಟಲಲ್ಲಿಟ್ಟು
ಒಳಗೆ ಹೋಗಿ, ಬೆನ್ನು ತಿರುಗಿಸಿ
ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.
ಇವಳು ಕೊಟ್ಟದ್ದಲ್ಲ. ಅದಾಗಿ ಹೋದದ್ದು.
ಬೆಳಿಗ್ಗೆ ಬಟ್ಟಲು ತೊಳೆದು ವಾಪಸು,
ಒಳಗೊಂದು ಕರಿಬೇವಿನ ಕಡ್ಡಿ.
ವರ್ಷಗಟ್ಟಲೆ ನಡೆಯಿತು ಈ ವ್ಯವಹಾರ, ಸಹಿಯಿಲ್ಲದೆ.

ಮಿಲ್ಲಿನ ಸೈರನ್ ನಿಂತು ಈಗ ಎಷ್ಟೋ ಕಾಲ.
ಅಣ್ಣನ ಮೊಮ್ಮಗಳು ಇಂಚರ
ಶಿವಮೊಗ್ಗದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುತ್ತಾಳೆ.
ಅಲಿಪ್ತ ಅನ್ನುವುದಿಲ್ಲ ಈಗ,
ವ್ಯೂಹಾತ್ಮಕ ಸ್ವಾಯತ್ತತೆ ಅನ್ನಬೇಕಂತೆ;
ಬಾಯಿ ಇನ್ನಷ್ಟು ಅಗಲ ತೆರೆಯಬೇಕು.
‘ರಾಷ್ಟ್ರವೊಂದರ ಸಿದ್ಧಾಂತವು ಅದರ ವಿದೇಶಾಂಗ ನೀತಿಯನ್ನು
ಹೇಗೆ ರೂಪಿಸುತ್ತದೆ? ಹತ್ತು ಅಂಕ, ಅಜ್ಜಿ.’
ಬಟ್ಟಲಿನ ಕಥೆ ಹೇಳಿದೆ. ಖುಷಿಪಟ್ಟು ಬರೆದುಕೊಂಡಳು:
ನಂಬಿಕೆ ಬಾಗಿಲು ಹಾಕುತ್ತದೆ, ಅಗತ್ಯ ಜಗಲಿ ಹುಡುಕುತ್ತದೆ.
ಕೆಳಗೊಂದು ಗೆರೆ ಎಳೆದಳು.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು:
ಒಂದು ವರ್ಷ ಬೀದಿಯಲ್ಲಿ ಭಾಷೆಯ ಮೆರವಣಿಗೆ ಹೋಯಿತು.
ಯಾರು ನಮ್ಮವರು ಎಂಬ ಮಾತು
ನಲ್ಲಿಯ ಸಾಲಿನವರೆಗೂ ಬಂತು.
ಅವ್ವ ಬಟ್ಟಲಿಡಲಿಲ್ಲ. ಸೆಲ್ವಿಯಮ್ಮನೂ ಬರಲಿಲ್ಲ.
ಯಾರೂ ಯಾರಿಗೂ ಬೈದದ್ದಿಲ್ಲ.
ಆ ವರ್ಷ ನಮ್ಮನೆಯ ಹಾಲು ಹೆಪ್ಪುಗಟ್ಟಲಿಲ್ಲ
ಎಂದು ಬರೆದರೆ ಕವಿತೆಗೆ ಚೆಂದ.
ಇಲ್ಲ, ಗಟ್ಟಿಯಾಗಿಯೇ ಹೆಪ್ಪುಗಟ್ಟಿತು.
ಉಂಡೆವು.
ಜಗಲಿಯ ತುದಿಯಲ್ಲಿ ಬಟ್ಟಲಿನ ತಳದ ಗುಂಡನೆ ಗುರುತು,
ಅವ್ವ ಸಗಣಿ ಸಾರಿಸುವಾಗೆಲ್ಲ
ಅದನ್ನೊಂದು ಸುತ್ತು ಬಿಟ್ಟು ಸಾರಿಸುತ್ತಿದ್ದಳು.