ಕವಿತಾಳ ದಾಟಿ ಮೂರನೆಯ ಸ್ಟಾಪು

ಬಸ್ಸಿನ ತುಂಬ ಹೆಂಗಸರಿಗೆ ಪುಕ್ಕಟೆ ಚೀಟಿ,
ನನಗೊಬ್ಬಳಿಗೆ ರೊಕ್ಕ.
ಆಧಾರ್ ಕಾರ್ಡು ಮಿರಜಿನದು.
"ಮಾತು ಇಲ್ಲೀದೇ ಐತಲ್ಲಬೇ" ಅಂದ ಕಂಡಕ್ಟರ್,
ಅಂದು, ಚಿಲ್ಲರೆ ಎಣಿಸಿಕೊಂಡ.

ಅವ್ವ ನನ್ನ ಕೈ ಹಿಡಿದು ಈ ಊರು ಬಿಟ್ಟಾಗ ನನಗೆ ಹನ್ನೊಂದು.
ಆಮೇಲೆ ಇಪ್ಪತ್ತೇಳು ವರ್ಷ.
ದವಾಖಾನೆಯ ಚಾದರ ಒಗೆದು ಒಗೆದು
ಅಂಗೈಯ ಗೆರೆ ಸವೆದಿವೆ, ಆದರೂ
ಎರೆಹೊಲದ ಬಿರುಕು ಕಂಡ ಕೂಡಲೇ
ಹಿಮ್ಮಡಿಗೆ ಗೊತ್ತಾಯಿತು ಎತ್ತ ತಿರುಗಬೇಕೆಂದು.
ತಿರುಗಿದ್ದು ತಪ್ಪು ಓಣಿ.
ಹುಣಸಿಮರ ಇದ್ದಲ್ಲಿ ನೀರಿನ ಟಾಕಿ,
ಟಾಕಿಯ ನೆರಳಲ್ಲಿ ಕೂತ ಹುಡುಗರು ಕೇಳಿದರು:
"ಯಾರ ಪೈಕಿ?"

ಯಾರ ಪೈಕಿ.
ಮಿರಜಿನಲ್ಲಿ ಹೀಗೆ ಯಾರು ಕೇಳಿದ್ದರು?
ಅಲ್ಲಿ ಕೇಳುವುದು ವಾರ್ಡಿನ ನಂಬರು.
"ಪಿಂಜಾರ ಫಕೀರವ್ವನ ಮಗಳು" ಅಂದೆ.
ಸತ್ತು ಒಂಬತ್ತು ವರ್ಷವಾದವಳ ಹೆಸರು
ನನ್ನ ಬಾಯಿಂದ ಹೊರಟು
ನನಗಿಂತ ಮೊದಲೇ ಮನೆ ಮುಟ್ಟಿತು.

ಮಾಬವ್ವತ್ತಿ ಹೊಸ್ತಿಲಲ್ಲೇ ನಿಂತು
ಕಣ್ಣಿಗೆ ಕೈ ಅಡ್ಡ ಹಿಡಿದು
"ಫಕೀರಿ ಬಂದ್ಲು" ಅಂದಳು.
ಯಾರೂ ತಿದ್ದಲಿಲ್ಲ.
ನಾನೂ.

ಆಮೇಲೆ ಬಂದರು ಬಂದರು:
ಹುಸೇನವ್ವ, ಅವಳ ಸೊಸೆ, ಸೊಸೆಯ ತಂಗಿ,
ಹಿಟ್ಟಿನ ಕೈಯಲ್ಲೇ ಎದ್ದು ಬಂದ ಯಾರೋ ಒಬ್ಬಾಕೆ,
ನನ್ನ ಕಂಕುಳಲ್ಲಿ ಬೆಳೆದೆನೆನ್ನುವ, ಆಗಲೇ ಬೋಳಾದ ಗಂಡಸು.
ಮಂಡಾಳ ಒಗ್ಗರಣಿ, ಮಿರ್ಚಿ, ಚಾ, ಮತ್ತೆ ಚಾ.
"ತಿನ್ನು ಶರಪವ್ವ, ಅಲ್ಲಿ ಇದೆಲ್ಲಿ ಸಿಗತೈತಿ."
ಸಿಗುತ್ತದೆ. ಬಾಯಿ ತುಂಬಿತ್ತು, ಸುಮ್ಮನಾದೆ.
ಕೈ ತೊಳೆಯಲು "ಬಾದಲಿ ಎಲ್ಲಿ" ಅಂದುಬಿಟ್ಟೆ.
ಬಾದಲಿ! ಬಾದಲಿ!
ಹುಡುಗರಿಗೆ ದೀಪ ಹಚ್ಚುವ ತನಕ ಅದೇ ಆಟ,
ಬಕೀಟು ಬೋರಲು ಹಾಕಿ ಬಡಿದರು.

ದಾವಲಮಾಮಾ ಮಾತ್ರ ಗೋಡೆಯ ಕಡೆ ಮುಖ.
ಅವನಿಗೂ ಅವ್ವನಿಗೂ ಜಗಳ.
ಯಾತಕ್ಕೆಂದರೆ
ಒಬ್ಬರು ಎಮ್ಮಿ ಅಂತಾರೆ, ಒಬ್ಬರು ಎರಡು ತಗಡು ಅಂತಾರೆ.
ಅವ್ವ ಹೇಳುತ್ತಿದ್ದುದು ಬೇರೆ.
ಅದನ್ನು ಈ ಮನೆಯ ರೊಟ್ಟಿ ತಿಂದು
ಹೇಳಲು ಬಾರದು.

ಬಿಲ್ಲು ಇನ್ನೂ ಇತ್ತು,
ಎರಡು ಗೂಟದ ನಡುವೆ ಅಡ್ಡ,
ಮೊಮ್ಮಗಳ ಯೂನಿಫಾರ್ಮು ಒಣಗುತ್ತಿತ್ತು ಅದರ ಮೇಲೆ.
ಹತ್ತಿ ಹಿಂಜಲು ಈಗ ಸಿರವಾರದಲ್ಲಿ ಮಷೀನು,
ಒಂದು ಗಾದಿಗೆ ಅರ್ಧ ತಾಸು.
ಆಗೆಲ್ಲ ಬೆಳಗಾಗುವುದೇ ಅದರ ಟಂಯ್ ಟಂಯ್‌ನಲ್ಲಿ,
ಎದ್ದವರ ರೆಪ್ಪೆ, ಹಾಲು, ರೊಟ್ಟಿ, ಎಲ್ಲದರ ಮೇಲೂ
ಬಿಳಿ ದೂಳು.
ಮೀಟಿದೆ, ಇಲ್ಲದ ತಂತಿಯನ್ನು, ಒಂದೇ ಬೆರಳಲ್ಲಿ.
ಮಾಮಾ ನೋಡಿದ.
ಎದ್ದು ಹೊರಗೆ ಹೋದ.

ರಾತ್ರಿ ಮಾಳಿಗಿ ಮೇಲೆ ಸಾಲಾಗಿ ಮಲಗಿದೆವು, ಹದಿನಾಲ್ಕು ಜನ.
ಪಕ್ಕದ ಹುಡುಗಿ ನಿದ್ದೆಯಲ್ಲಿ ನನ್ನ ಹೊಟ್ಟೆಗೆ ಕಾಲು ಹಾಕಿದಳು,
ಹೆಸರು ಕೇಳಿದ್ದೆ, ಮರೆತಿದ್ದೆ.
ಕೆಳಗೆ ಪಡಸಾಲೆಯ ಲೈಟು ಬಹಳ ಹೊತ್ತು ಉರಿಯಿತು.
ಕೆಮ್ಮು. ಹತ್ತಿ ದೂಳಿಗೆ ಬರುವ ಕೆಮ್ಮು.
ಅವ್ವನದೂ ಅದೇ ಇತ್ತು ಕಡೆಯ ವರ್ಷ,
ವಾರ್ಡು ಹನ್ನೆರಡು, ಬಾಗಿಲ ಬದಿಯ ಕಾಟು.

ಬೆಳಿಗ್ಗೆ ಸ್ಟಾಪಿನ ತನಕ ಬಂದ ಮಾಮಾ,
ನಮ್ಮೆಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ.
ಬಸ್ಸು ಕದಲುವಾಗ ಕಿಟಕಿಯಿಂದ ಒಳಕ್ಕೆ ತುರುಕಿದ
ಒಂದು ತಲೆದಿಂಬು.
ಹಳೆ ಲುಂಗಿಯ ಗವುಸು,
ಒಂದು ಬದಿ ಗಂಡಸಿನ ಹೊಲಿಗೆ, ದೊಡ್ಡ ದೊಡ್ಡದು.
"ಕೈಲೇ ಹಿಂಜೀನಿ" ಅಂದ.
ಇಪ್ಪತ್ತೇಳು ವರ್ಷಕ್ಕೆ
ಎರಡು ಮಾತು.

ಇವನು ಬೇರೆ ಕಂಡಕ್ಟರ್.
ದಿಂಬು ತೋರಿಸಿ ನಕ್ಕ:
"ಇದಕ್ಕೂ ಲಗೇಜು ಹಚ್ಚಲೇನಬೇ?"
"ಹಚ್ಚು" ಅಂದೆ, ರೊಕ್ಕ ತೆಗೆದೆ.
ಅವನ ನಗು ನಿಂತಿತು.
ಚೀಟಿ ಹರಿಯದೆ ಮುಂದಿನ ಸೀಟಿಗೆ ಹೋದ.

ಕವಿತಾಳದಲ್ಲಿ ತಲೆ ಇಟ್ಟೆ.
ಒಳಗೆಲ್ಲೋ ಒಂದು ಹತ್ತಿಕಾಳು ಉಳಿದಿತ್ತು.
ಮುದುಕನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.
ಸಿರವಾರ ಬರುವ ತನಕ
ಕಿವಿಯ ಹಿಂದೆ, ಮೂಳೆಗೆ ಸರಿಯಾಗಿ,
ಒತ್ತುತ್ತಲೇ ಇತ್ತು.