ತಲೆಯ ನೆರಳು

ಹನ್ನೊಂದು ವರ್ಷ ನಾನವಳ ಬಲಕ್ಕೇ ನಡೆದೆ.
ಮೈಮುವಿನ ಬಲಗಿವಿಯ ಹಿಂದೆ, ಕೂದಲ ಮರೆಯಲ್ಲಿ
ಅಯಸ್ಕಾಂತ ಕಚ್ಚಿ ಕೂತ ಆ ಬಿಲ್ಲೆಗೆ ಕೇಳುವಷ್ಟು ಹತ್ತಿರ.
ಟ್ರೈನಿನಲ್ಲಿ ಬಲಗಡೆ ಸೀಟು, ಊಟಕ್ಕೆ ಬಲಗಡೆ ಕುರ್ಚಿ,
ಮಗಳ ಮದುವೆಯ ಫೋಟೋದಲ್ಲೂ
ಎಷ್ಟು ಹೇಳಿದರೂ ಕದಲದೆ ಅಲ್ಲೇ ನಿಂತಿದ್ದೇನೆ.
ಎಂಡೆಲ್, ನೀನೇ ನನ್ನ ಬಲ, ಅನ್ನುತ್ತಿದ್ದಳು.
ಅದು ಬರೀ ಮಾತಿಗೆ ಅಂದದ್ದಲ್ಲ.

ಒಂಟಿ ಕಿವಿಗೆ ಸದ್ದು ಸಿಗುತ್ತದೆ, ಸದ್ದಿನ ವಿಳಾಸ ಸಿಗುವುದಿಲ್ಲ.
ನಾಯಿ ಬೊಗಳಿದರೆ ಬೊಗಳಿತು, ಅಷ್ಟೆ.
ಬೇಲಿಯಾಚೆಗೋ ಬೆನ್ನ ಹಿಂದೆಯೋ ಮೊಣಕಾಲ ಬುಡಕ್ಕೋ.
ತಾರ್ತುವಿನ ಮಾರುಕಟ್ಟೆಯೊಳಗೆ ನಾನು ಹೆಸರು ಕೂಗಿದರೆ
ಮೀನಿನವಳನ್ನು ನೋಡಿ, ಹುಳಿಕೋಸಿನ ಪೀಪಾಯಿ ನೋಡಿ,
ತೊಲೆಯ ಮೇಲಿನ ಪಾರಿವಾಳವನ್ನೂ ನೋಡಿ
ಪೂರಾ ಒಂದು ಸುತ್ತು ತಿರುಗಿ, ಕೊನೆಗೆ ನಾನು.
ಆ ಸುತ್ತು ಮುಗಿಯುವ ತನಕ ಕೈಯೆತ್ತಿ ನಿಂತಿರುತ್ತಿದ್ದೆ,
ಬಸ್ಸಿಗೆ ಕೈ ಮಾಡುವವನ ಹಾಗೆ,
ಮೂವತ್ತು ವರ್ಷ ಬಸ್ಸು ಓಡಿಸಿದವನು.

ಹೋದ ಅಕ್ಟೋಬರಿನಲ್ಲಿ ಎಡಗಿವಿಯ ಹಿಂದೆಯೂ ಕೊಯ್ದರು.
ಸ್ವಿಚ್ಚು ಹಾಕಿದ ದಿನ ಮುಖ ಹುಳಿ ತಿಂದ ಹಾಗೆ.
ಬಲಗಿವಿಯಲ್ಲಿ ನಾನಂತೆ. ಎಡಗಿವಿಯಲ್ಲಿ
ತಗಡಿನ ಡಬ್ಬಿಯೊಳಗೆ ಚಮಚ ಆಡಿಸುವವನು ಯಾರೋ.
'ಇಬ್ಬರು ಗಂಡಂದಿರು. ಒಬ್ಬನನ್ನು ಸಾಗಹಾಕಿ.'
ಆದರೂ ನವೆಂಬರ್ ಪೂರ್ತಿ, ಬಲಗಡೆಯದನ್ನು ತೆಗೆದಿಟ್ಟು
ಆ ಚಮಚದವನ ಜೊತೆಗೇ ಬೆಳಿಗ್ಗೆ ಒಂದೊಂದು ತಾಸು ಕೂತಳು.
ನಾನು ಪೇಪರು ಓದುವುದು, ಹವೆ, ಸಾವು, ಆಲೂಗಡ್ಡೆ ದರ.
ಅವಳು ಕೇಳಿಸಿದ ಹಾಗೆ ಒಪ್ಪಿಸುವುದು.
ಸತ್ತವರೆಷ್ಟೋ ಜನ ತರಕಾರಿಯಾದರು.

ಆಸ್ಪತ್ರೆಯಲ್ಲಿ ಅರ್ಧಚಂದ್ರಾಕಾರಕ್ಕೆ ಒಂಬತ್ತು ಸ್ಪೀಕರು.
ಕತ್ತು ತಿರುಗಿಸದೆ ಕೂತು, ಉಸುರಿದ್ದು ಯಾವುದೆಂದು ಹೇಳಬೇಕು.
ಮೊದಲೆಲ್ಲ ಒಂಬತ್ತು, ಒಂಬತ್ತು, ಮತ್ತೆ ಒಂಬತ್ತು,
ಲೋಕವೇ ವಾಲಿ ಬಲತುದಿಗೆ ಜಾರಿಬಿದ್ದ ಹಾಗೆ.
ಫೆಬ್ರವರಿಯಲ್ಲಿ ಒಂದು ದಿನ 'ಎರಡು' ಅಂದಳು.
ಅದು ಮೂರು.
ಪರೀಕ್ಷೆಯ ಹುಡುಗಿ ಕೈರಿತ್ ಪೆನ್ನು ಕೆಳಗಿಟ್ಟು ನಕ್ಕಳು.
ತಲೆಗೂ ಒಂದು ನೆರಳಿದೆ, ಅಜ್ಜ, ಅಂದಳು ನನಗೆ,
ಸದ್ದಿನ ನೆರಳು. ಎಡದಿಂದ ಬಂದದ್ದಕ್ಕೆ ತಲೆ ಅಡ್ಡ ನಿಂತು
ಬಲಗಿವಿಗೆ ಮಸುಕು ಮಾಡುತ್ತದೆ.
ಒಂದು ಕಿವಿ ಬಿಸಿಲಲ್ಲಿ, ಒಂದು ನೆರಳಲ್ಲಿ.
ಎರಡನ್ನೂ ತೂಗಿ ನೋಡಿ ಮೆದುಳು ದಿಕ್ಕು ಹೇಳುತ್ತದೆ.
ಸರಿ, ಹಾಗಾದರೆ ಈಕೆಯ ನೆರಳು ನನ್ನ ಮಾತಿನ ಮೇಲೆ ಬೀಳದ ಹಾಗೆ
ಇಷ್ಟು ವರ್ಷ ನಡೆದೆನೆ?
ಕೇಳಬೇಕೆನಿಸಿತು. ಕೋಟು ಹಾಕಿಕೊಂಡೆ.

ಮಾರ್ಚ್. ಛಾವಣಿಗಳು ಸಡಿಲವಾಗುವ ತಿಂಗಳು.
ರ‍್ಯೂಟ್ಲಿ ಬೀದಿಯಲ್ಲಿ ಎರಡೂ ಬದಿಗೆ ಮಂಜಿನ ಈಟಿ ತೂಗುತ್ತವೆ.
ಮೇಲೆಲ್ಲೋ ಕಿರ್ರೆಂದಿತು. ನಾನು ಬಾಯಿ ತೆರೆಯುವುದರೊಳಗೆ
ಭುಜ ಕೊಟ್ಟು ನನ್ನನ್ನು ಬಲಕ್ಕೆ ತಳ್ಳಿ ತಾನೂ ಬಂದಳು.
ಅವಳ ಎಡಗಾಲು ಇದ್ದ ಕಡೆ ಕುಂಬಳದಷ್ಟು ಗಡ್ಡೆ ಬಿದ್ದು ಪುಡಿ.
'ಎಡಗಡೆ,' ಅಂದಳು,
ಸ್ಟಾಪು ಕೂಗುವ ಕಂಡಕ್ಟರಳ ದನಿಯಲ್ಲಿ,
ಆಮೇಲೆ ತನ್ನ ಮಾತು ತಾನೇ ಕೇಳಿ ಅತ್ತಳು.

ಈಗ ಒಮ್ಮೊಮ್ಮೆ ಎಡಕ್ಕೆ ಬರುತ್ತೇನೆ, ಅಭ್ಯಾಸವಿಲ್ಲದೆ ಎಡವುತ್ತೇನೆ.
ಈ ಕೆನ್ನೆಯಲ್ಲೊಂದು ಮಚ್ಚೆ ಇತ್ತು, ಮರೆತೇಬಿಟ್ಟಿದ್ದೆ.
ಅಡುಗೆಮನೆಯಲ್ಲಿ ಗೊಣಗಿದ್ದೂ ಕೇಳುತ್ತದೆ ಅವಳಿಗೆ,
ಯಾವ ಕಪಾಟಿನ ಹತ್ತಿರ ಗೊಣಗಿದೆ ಎನ್ನುವುದೂ.
ನನ್ನನ್ನು ಏನು ಮಾಡಿಕೊಳ್ಳಲಿ ಎಂದು ನನಗೆ ತಿಳಿಯುವುದಿಲ್ಲ.

ರಾತ್ರಿ ಎರಡನ್ನೂ ಕಳಚಿ ತೇವ ಹೀರುವ ಡಬ್ಬಿಯಲ್ಲಿಡುತ್ತಾಳೆ.
ಅಲ್ಲಿಂದಾಚೆ ಅವಳಿಗೆ ಎಡವೂ ಇಲ್ಲ, ಬಲವೂ ಇಲ್ಲ.
ನಾನು ಹಳೇ ಮಗ್ಗುಲಿಗೇ ಹೋಗಿ ಮಲಗುತ್ತೇನೆ.
ಕತ್ತಲಲ್ಲಿ ಕೈ ಚಾಚುತ್ತಾಳೆ,
ತಡಕುವುದಿಲ್ಲ.